ಒಂಬತ್ತೂವರೆಯ ಎಂಜಿನ್: ಏಳನೆಯ ಕಂತು, ದಪ್ಪ ಗ್ಯಾಸ್ಕೆಟ್

"ಮೇಜು ಅಲ್ಲಾಡಿಸಬೇಡಮ್ಮ, ಗುಳ್ಳೆ ಏಳುತ್ತೆ," ಎಂದ ಎಮಿಲ್ ಪಾಸ್ಟೊರೆಕ್.

ಜಿಲ್ಲಾ ಪತ್ತೇದಾರಿ ಜಾಯ್ಸ್ ಹುಡಾಕ್ ಮೇಜಿಗೆ ಒರಗಿಸಿದ್ದ ಸೊಂಟವನ್ನು ಹಿಂದಕ್ಕೆ ತೆಗೆದಳು. ನಿಂತು ನಿಂತು ಬೆನ್ನು ಬಿದ್ದುಹೋಗಿತ್ತು. ಪೊಲೀಸ್ ಗ್ಯಾರೇಜಿನಲ್ಲಿದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಒಡೆದ ಪಿಸ್ಟನ್ನು ಸಾಕ್ಷ್ಯದ ಚೀಟಿ ಕಟ್ಟಿಸಿಕೊಂಡು ಕೂತಿತ್ತು.

ಎಮಿಲ್ ಮಗುಚಿಟ್ಟ ಸಿಲಿಂಡರ್ ಹೆಡ್ಡಿನಲ್ಲಿ ಪೆಟ್ರೋಲು ಉರಿಯುವ ಕುಳಿಯ ಬಾಯಿಗೆ ಗ್ರೀಸು ಸವರಿ, ಮೇಲೊಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ್ದ. ಬಿಲ್ಲೆಯ ತೂತಿನಿಂದ ಗಾಜಿನ ಕೊಳವೆಯ ನೀಲಿ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ. ಮಂಡಿ ಕೈಕೊಟ್ಟಿದೆ, ಕಿವಿ ಅರ್ಧ ಹೋಗಿದೆ, ಕೈ ಮಾತ್ರ ಇನ್ನೂ ಅವನ ಮಾತು ಕೇಳುತ್ತದೆ.

ಕಳೆದ ಅಕ್ಟೋಬರಿನಲ್ಲಿ ಇದೇ ಎಂಜಿನ್ ಶೇಡ್ ಗುಡ್ಡದ ಏರಿನಲ್ಲಿ ಒಡೆದು, ತನ್ನ ಎಣ್ಣೆಯನ್ನು ತನ್ನದೇ ಹಿಂಚಕ್ರಗಳ ಕೆಳಗೆ ಸುರಿದು, ಗ್ಯಾರಿ ಲೆಸ್ಕೋನನ್ನು ಕಾರಿನ ಸಮೇತ ಕಣಿವೆಗೆ ಜಾರಿಸಿತ್ತು. ಎಂಜಿನ್ ಕಟ್ಟಿದವನು ಎಮಿಲ್.

ನೀರು ನಿಂತಿತು. ಎಮಿಲ್ ಕೊಳವೆಯ ಗೆರೆ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಏನಾಯ್ತು?"

"ಕಮ್ಮಿ ಕುಡೀತು."

"ಯಾವುದು?"

"ಈ ಕುಳಿ. ನಾನು ಕಟ್ಟಿದಾಗ ಇದಕ್ಕಿಂತ ಜಾಸ್ತಿ ಕುಡೀತಿತ್ತು. ಯಾರೋ ಹೆಡ್ಡಿನ ಮುಖ ಹೆರೆದಿದಾರೆ. ಮುಖ ಹೆರೆದ್ರೆ ಕುಳಿ ಸಣ್ಣದಾಗುತ್ತೆ, ಕುಳಿ ಸಣ್ಣದಾದ್ರೆ ಕಂಪ್ರೆಷನ್ ಏರುತ್ತೆ."

"ಏರಿಲ್ಲವಲ್ಲ. ನೀವು ಹೇಳಿದ್ದೂ ಒಂಬತ್ತೂವರೆ, ಪೊಲೀಸರಿಗಾಗಿ ಸ್ಟ್ಯಾನ್ ಅಳೆದು ಬರೆದದ್ದೂ ಒಂಬತ್ತೂವರೆ."

"ಅದೇ ನನಗೂ ಅರ್ಥ ಆಗ್ತಿಲ್ಲ," ಎಂದ ಎಮಿಲ್.

ಆ ಒಂಬತ್ತೂವರೆಯೇ ಅವನ ಕುತ್ತಿಗೆಗೆ ಬಂದಿತ್ತು. ಗ್ಯಾರಿಯ ಹಳೆ ಶೆವಿ ಕಾರಿಗೆ, ಪಿಸ್ಟನ್ನನ್ನು ಮೇಲೆ ಕೆಳಗೆ ಓಡಿಸುವ ಉದ್ದ ಓಟದ ಕ್ರ್ಯಾಂಕು ಕೂರಿಸಿ ಅವನು ಸ್ಟ್ರೋಕರ್ ಮಾಡಿಕೊಟ್ಟಿದ್ದ. ಪಿಸ್ಟನ್ನಿನ ಓಟ ಉದ್ದವಾದರೆ ಅದೇ ಪುಟ್ಟ ಕುಳಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ತುರುಕಿದಂತೆ. ರೇಸಿನ ಕಾರಿಗಾದರೆ ಸರಿ. ಹಾಲು ಬ್ರೆಡ್ಡು ತರಲು ಹೋಗುವ ಕಾರು, ರಸ್ತೆ ಬದಿಯ ಬಂಕಿನಲ್ಲಿ ಸಿಕ್ಕಿದ್ದು ಕುಡಿಯುವ ಕಾರು, ಅಷ್ಟು ಒತ್ತು ತಾಳುವುದಿಲ್ಲ. ಮೂಲೆಯಲ್ಲಿದ್ದ ಪೆಟ್ರೋಲು ಕಿಡಿಯ ಉರಿ ತನ್ನತ್ತ ಬರುವ ತನಕ ಕಾಯದೆ ತಾನೇ ಸಿಡಿದು, ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯಲ್ಲಿ ಬಡಿಯುತ್ತದೆ. ಅದಕ್ಕೇ ಎಮಿಲ್ ಬಟ್ಟಲಿನ ಹಾಗೆ ನೆತ್ತಿ ತಗ್ಗಿದ ಪಿಸ್ಟನ್ನುಗಳನ್ನು ಹುಡುಕಿ ಹಾಕಿ, ಗಾಳಿ, ಪೆಟ್ರೋಲು ಎಷ್ಟು ಪಟ್ಟು ಕುಗ್ಗಬೇಕೆಂಬ ಅನುಪಾತವನ್ನು ಒಂಬತ್ತೂವರೆಗೆ ಹಿಡಿದು ನಿಲ್ಲಿಸಿದ್ದ.

ಪೊಲೀಸರ ಪರವಾಗಿ ಎಂಜಿನ್ ಪರೀಕ್ಷಿಸಿದವನು ಹೊಳೆಯಾಚೆ ಗ್ಯಾರೇಜು ಇಟ್ಟುಕೊಂಡಿರುವ ಸ್ಟ್ಯಾನ್ ವ್ರಾಬೆಲ್. ಎಮಿಲ್ ಮತ್ತು ಅವನು ಪ್ರಾಯದಲ್ಲಿ ಒಂದೇ ಕಡೆ ಕೆಲಸ ಕಲಿತವರು. ಸ್ಟ್ಯಾನ್ ಬರೆದದ್ದು ಇಷ್ಟು: ಅನುಪಾತ ಇದ್ದ ಹಾಗೇ ಇದೆ, ಎಮಿಲ್ ಕಟ್ಟಿದ ಮೇಲೆ ಯಾರೂ ಬಿಚ್ಚಿಲ್ಲ, ಹಾಗಾಗಿ ಒಡೆದದ್ದು ಕಟ್ಟಿದವನ ತಪ್ಪಿನಿಂದಲೇ. ಸರಕಾರಿ ವಕೀಲ ಕ್ಯಾರಿಗನ್ ಇವತ್ತು ಸಂಜೆಯೊಳಗೆ ಎಮಿಲ್ ಮೇಲೆ ನಿರ್ಲಕ್ಷ್ಯದ ಸಾವಿನ ಕೇಸು ಹಾಕುವವನಿದ್ದ. ಈ ವಯಸ್ಸಿನಲ್ಲಿ ಒಳಗೆ ಹೋದರೆ ಎಮಿಲ್ ಹೊರಗೆ ಬರುವುದು ಅನುಮಾನ. ಜಾಯ್ಸ್‌ಗೆ ಅದು ಗೊತ್ತಿತ್ತು, ಚಳಿಗಾಲವೆಲ್ಲ ಆ ಯೋಚನೆಯಲ್ಲೇ ಅವಳಿಗೆ ಊಟ ಸೇರಿರಲಿಲ್ಲ.

"ಗ್ಯಾಸ್ಕೆಟ್ ಎಲ್ಲಿದೆ?" ಎಂದ ಎಮಿಲ್.

ಜಾಯ್ಸ್ ಚೀಲದಿಂದ ತೆಗೆದುಕೊಟ್ಟಳು. ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ, ಎಣ್ಣೆಯಿಂದ ಕಪ್ಪಾದ ಹಾಳೆ. ಎಮಿಲ್ ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದ. ಅಳತೆಯ ಸಾಧನ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

"ಇದು ನಂದಲ್ಲ. ನಾನು ಹಾಕಿದ್ದು ತೆಳು. ಇದು ದಪ್ಪ."

"ಅಂದ್ರೆ?"

"ಹೆಡ್ಡಲ್ಲಿ ಎಷ್ಟು ಹೆರೆದ್ರೋ ಅಷ್ಟನ್ನ ಗ್ಯಾಸ್ಕೆಟ್ಟಲ್ಲಿ ವಾಪಸ್ ಕೊಟ್ಟಿದಾರೆ. ಅದಕ್ಕೇ ಲೆಕ್ಕ ಮತ್ತೆ ಒಂಬತ್ತೂವರೆಗೆ ಬಂದಿದೆ."

"ಲೆಕ್ಕ ಸರಿಯಾದ್ರೆ ಆಯ್ತಲ್ಲ?"

"ಲೆಕ್ಕ ಸರಿಯಾಯ್ತು. ಎಂಜಿನ್ ಕೆಡ್ತು." ಎಮಿಲ್ ತನ್ನ ಎರಡೂ ಅಂಗೈಗಳನ್ನು ಅವಳ ಮುಖದ ಹತ್ತಿರ ತಂದು ಫಟ್ಟನೆ ತಟ್ಟಿದ. ಗಾಳಿ ಅವಳ ಕೆನ್ನೆಗೆ ಬಡಿಯಿತು. "ಪಿಸ್ಟನ್ ಮೇಲೆ ಬಂದಾಗ ಅದರ ಅಂಚು ಹೆಡ್ಡಿಗೆ ಹೀಗೆ ತಟ್ಟೋ ಅಷ್ಟು ಹತ್ರ ಬರಬೇಕು. ತಟ್ಟಬಾರದು, ಹತ್ರ ಬರಬೇಕು. ಆಗ ಮೂಲೇಲಿರೋ ಪೆಟ್ರೋಲು ಕಿಡಿ ಕಡೆಗೆ ನುಗ್ಗುತ್ತೆ. ದಪ್ಪ ಗ್ಯಾಸ್ಕೆಟ್ ಹಾಕಿದ್ರೆ ಆ ಸಂದು ದೊಡ್ಡದಾಗಿ, ಪೆಟ್ರೋಲು ಅಲ್ಲೇ ಸೋಮಾರಿ ಹಾಗೆ ಕೂತ್ಕೊಳ್ಳುತ್ತೆ. ಏರಿನಲ್ಲಿ ಎಳೆಯೋವಾಗ ತಾನೇ ಸಿಡಿಯುತ್ತೆ. ಸಂಖ್ಯೆ ಹಿಡಿಯೋಕೆ ಹೋಗಿ ಸಂದು ಬಿಟ್ಟಿದಾರೆ. ಈ ತಪ್ಪು ಎಂಜಿನ್ ಗೊತ್ತಿಲ್ಲದವನು ಮಾಡಲ್ಲಮ್ಮ, ಅರ್ಧ ಗೊತ್ತಿರೋನು ಮಾಡ್ತಾನೆ."

"ಹೆಡ್ಡು ಹೆರೆಯೋ ಅವಶ್ಯಕತೆ ಏನಿತ್ತು?"

"ಕಾರು ಕುದ್ದಿರಬೇಕು. ನೀರು ಕುದ್ದು ಬಿಸಿ ತಲೆಗೇರಿದ್ರೆ ಹೆಡ್ಡು ಸೊಟ್ಟಗಾಗುತ್ತೆ. ನೇರ ಮಾಡೋಕೆ ಹೆರೀಲೇಬೇಕು."

ಹೇಳುತ್ತಲೇ ಅವನು ಹೆಡ್ಡಿನ ಮುಖದ ಮೇಲೆ ಉಗುರು ಎಳೆದ. ಅರ್ಧ ದೂರ ಹೋದ ಉಗುರು ನಿಂತಿತು. ಹಿಂದಕ್ಕೆ ಬಂದು ಮತ್ತೆ ಅದೇ ಜಾಗ ಸವರಿತು. ಎಮಿಲ್‌ನ ಮುಖ ಬಿಳಿಚಿಕೊಂಡಿತು.

"ಏನಿದೆ ಅಲ್ಲಿ?"

"ಏನಿಲ್ಲ. ಸುಸ್ತು. ಮನೆಗೆ ಹೋಗ್ತೀನಿ."

ಬಾಗಿಲಲ್ಲಿ ಅವನ ಮಗಳು ಮಾರ್ತಾ ಕಾಯುತ್ತಿದ್ದಳು. ನಲವತ್ತರ ಹೆಂಗಸು, ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತು ಅಲ್ಲೇ ದುಡಿಯುವವಳು. ಅಪ್ಪನ ಕೋಟನ್ನು ಹಿಡಿದು ತೋಳು ತೂರಿಸಲು ನಿಂತಳು. ಎಮಿಲ್ ಅವಳ ಮುಖ ನೋಡದೆ ಕೋಟು ಕಿತ್ತುಕೊಂಡು ಹೊರಟ.

"ಏನಾಯ್ತು ಇವರಿಗೆ?" ಎಂದಳು ಮಾರ್ತಾ.

ಜಾಯ್ಸ್‌ಗೂ ಗೊತ್ತಿರಲಿಲ್ಲ.

*

ಗ್ಯಾರಿ ತನ್ನ ಕಾರಿನ ಕೀಲಿಯನ್ನು ಹೆಂಡತಿಗೂ ಕೊಡುತ್ತಿರಲಿಲ್ಲ. ಜಾಯ್ಸ್ ನೋಡಿದ ಮಟ್ಟಿಗೆ ಒಂದೇ ಒಂದು ದಿನ ಆ ಕಾರನ್ನು ಇನ್ನೊಬ್ಬ ಓಡಿಸಿದ್ದ. ಆಗಸ್ಟಿನಲ್ಲಿ ಅಗ್ನಿಶಾಮಕ ದಳದ ಮೆರವಣಿಗೆಯ ದಿನ. ಗ್ಯಾರಿ ಈರಿ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದ, ಕಾರು ಓಡಿಸಿದವನು ಅವನ ಹೆಂಡತಿಯ ಅಣ್ಣ ಡ್ವೇನ್ ಕೋಸ್ಕೊ. ಆ ಬಿಸಿಲಲ್ಲಿ ಟ್ರಾಫಿಕ್ ನೋಡಿಕೊಳ್ಳುತ್ತ ನಿಂತಿದ್ದವಳು ಜಾಯ್ಸೇ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಬ್ಯಾಂಡಿನವರ ಹಿಂದೆ, ಕಾರು ನಡಿಗೆಯ ವೇಗದಲ್ಲಿ ತೆವಳಿತ್ತು. ಕಾರು ಕುದಿಯಲು ಇನ್ನೇನು ಬೇಕು.

ಇವತ್ತು ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರ. ಅಗ್ನಿಶಾಮಕ ದಳದ ಹಾಲಿನಲ್ಲಿ ಮೀನು ಕರಿಯುತ್ತಿದ್ದರು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಜಾಯ್ಸ್ ಸಾಲು ತಪ್ಪಿಸಿ ನೇರ ಅಡುಗೆಮನೆಗೆ ನುಗ್ಗಿದ್ದಕ್ಕೆ ಇಬ್ಬರು ಮುದುಕಿಯರು ಗೊಣಗಿದರು.

ಡ್ವೇನ್ ಎಣ್ಣೆಯ ಬಾಣಲೆಯ ಮುಂದೆ ಏಪ್ರನ್ ಕಟ್ಟಿಕೊಂಡು ನಿಂತಿದ್ದ.

"ಮೀನಾ, ಹಲುಷ್ಕಿ ನೂಡಲ್ಸಾ?" ಎಂದ, ತಲೆಯೆತ್ತದೆ.

"ಮೆರವಣಿಗೆ ದಿನ ಗ್ಯಾರಿ ಕಾರು ಕುದೀತಲ್ಲ. ಅದರ ಬಗ್ಗೆ ಮಾತಾಡೋಣ."

ಇಕ್ಕುಳ ಎಣ್ಣೆಯ ಮೇಲೆ ನಿಂತುಬಿಟ್ಟಿತು.

"ಕುದ್ದಿದ್ದು ನಿನಗೆ ಯಾರು ಹೇಳಿದ್ರು?"

"ನೀನೇ. ಈಗ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿಯವನು ಡ್ವೇನ್. ಕೆಟ್ಟವನಲ್ಲ, ಸುಳ್ಳು ಹೇಳಲು ಬಾರದವನು. ಮೀನನ್ನು ಎತ್ತಿ ತಟ್ಟೆಗೆ ಹಾಕಿ, ಬಾಣಲೆಯ ಉರಿ ತಗ್ಗಿಸಿ, ಹಿಂಬಾಗಿಲಿಗೆ ನಡೆದ. ಹೊರಗೆ ಕಸದ ಡಬ್ಬಿಗಳ ಪಕ್ಕ ಚಳಿ ಕೊರೆಯುತ್ತಿತ್ತು.

"ನಿಲ್ಲಿಸಬಾರದಿತ್ತೇನೋ ಪುಣ್ಯಾತ್ಮ? ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋದದ್ದು ಕಾಣಲಿಲ್ವಾ?" ಎಂದಳು ಜಾಯ್ಸ್.

"ಕಾಣಿಸ್ತು. ಹಿಂದಿನ ಸೀಟಲ್ಲಿ ನನ್ನ ಮಗಳು ಕಿರೀಟ ಹಾಕ್ಕೊಂಡು ಕೂತಿದ್ಲು. ಆ ವರ್ಷದ ಮೆರವಣಿಗೆ ರಾಣಿ. ಇಡೀ ಊರಿಗೆ ಕೈ ಬೀಸ್ತಾ ಇದ್ಲು. ಚರ್ಚಿನ ಮುಂದೆ ಅವಳಜ್ಜಿ ಕುರ್ಚಿ ಹಾಕ್ಕೊಂಡು ಕಾಯ್ತಿದ್ರು. ಅಲ್ಲೀ ತನಕ ಹೋಗ್ಬಿಡ್ಲಿ ಅಂತ…" ಡ್ವೇನ್ ಏಪ್ರನ್ನಿನಿಂದ ಮುಖ ಒರೆಸಿಕೊಂಡ. "ಅಲ್ಲೀ ತನಕ ಹೋಯ್ತು. ಆಮೇಲೆ ಹೋಗ್ಲಿಲ್ಲ."

"ಗ್ಯಾರಿಗೆ ಹೇಳಿದ್ಯಾ?"

"ಹೇಳಿದ್ರೆ ನನ್ನ ಚರ್ಮ ಸುಲೀತಿದ್ದ. ಅವನು ಬರೋದ್ರೊಳಗೆ ರಿಪೇರಿ ಮಾಡಿಸಿಟ್ಟೆ."

"ಯಾರ ಹತ್ರ?"

ಡ್ವೇನ್ ಬಾಗಿಲ ಕಡೆ ತಿರುಗಿದ. ಒಳಗಿನಿಂದ ಯಾರೋ ಮೀನು ಮೀನು ಎಂದು ಕೂಗಿದರು.

"ಡ್ವೇನ್, ನನಗೆ ಐವತ್ತಾರು. ಬೆಳಗಿನಿಂದ ನಿಂತೇ ಇದೀನಿ. ಇನ್ನೊಂದು ಸಲ ಕೇಳಿಸಬೇಡ ಮಾರಾಯ."

"ಎಮಿಲ್ ಅಂಗಡೀಲಿ."

"ಎಮಿಲ್ ಮಾಡಿದ್ರಾ?" ಎಂದಳು ಜಾಯ್ಸ್.

"ಎಮಿಲ್ ಇರಲಿಲ್ಲ," ಎಂದ ಡ್ವೇನ್. "ಮಂಡಿ ಆಪರೇಷನ್ನಿಗೆ ಪಿಟ್ಸ್‌ಬರ್ಗಿಗೆ ಹೋಗಿದ್ರು. ಮಾರ್ತಾ ಇದ್ಲು. ಕಾಲಿಗೆ ಬೀಳೋದೊಂದು ಬಾಕಿ, ಹಾಗೆ ಬೇಡ್ಕೊಂಡೆ. ಯಾರಿಗೂ ಹೇಳಬೇಡ ಅಂದೆ. ಹೆಡ್ಡು ಹೆರೆದ್ಲು, ಜೋಡಿಸಿದ್ಲು, ಕೀ ಕೊಟ್ಲು. ಅಷ್ಟೇ ನನಗೆ ಗೊತ್ತಿರೋದು."

"ಒಬ್ಬ ಮುದುಕ ಜೈಲಿಗೆ ಹೋಗೋ ಹಾಗಿದಾನೆ. ಚಳಿಗಾಲ ಪೂರ್ತಿ ಬಾಯಿ ಹೊಲ್ಕೊಂಡು ಕೂತಿದ್ಯಲ್ಲೋ."

"ನನ್ನ ತಂಗಿಗೆ ಏನಂತ ಹೇಳ್ಲಿ ಜಾಯ್ಸ್? ನಿನ್ನ ಗಂಡ ಸತ್ತದ್ದು ನನ್ನಿಂದ ಅಂತಾನಾ? ಪ್ರತಿ ಭಾನುವಾರ ನನಗೇ ಊಟಕ್ಕೆ ಬಡಿಸ್ತಾಳೆ."

ಜಾಯ್ಸ್ ಅವನನ್ನು ಒಳಗೆ ಕಳಿಸಿದಳು. ಕಾರಿಗೆ ಬಂದು ಸ್ಟೀರಿಂಗಿಗೆ ಹಣೆಯಿಟ್ಟಳು. ಎಮಿಲ್‌ನ ಉಗುರು ನಿಂತದ್ದು ಯಾಕೆಂದು ಈಗ ತಿಳಿಯಿತು. ಪ್ರತಿ ಯಂತ್ರವೂ ಲೋಹದ ಮೇಲೆ ತನ್ನದೊಂದು ಗೀರು ಬಿಡುತ್ತದೆ ಎಂದು ಅವನೇ ಅವಳಿಗೆ ಹಿಂದೊಮ್ಮೆ ಹೇಳಿದ್ದ. ಅವನಿಲ್ಲದಾಗ ಅವನ ಯಂತ್ರದ ಮೇಲೆ ಕೆಲಸ ಮಾಡುವವಳು ಇಡೀ ಊರಿನಲ್ಲಿ ಒಬ್ಬಳೇ. ಅಪ್ಪನನ್ನು ಉಳಿಸಬೇಕಾದರೆ ಮಗಳನ್ನು ಹಿಡಿದುಕೊಡಬೇಕು. ಜಾಯ್ಸ್‌ಗೆ ಈ ಕೆಲಸವೇ ಸಾಕಪ್ಪಾ ಅನ್ನಿಸಿತು.

ಫೋನು ಅಲುಗಿತು. ಸರಕಾರಿ ವಕೀಲ ಕ್ಯಾರಿಗನ್.

"ಎಲ್ಲಿದ್ದೀರಿ? ಬೇಗ ಬನ್ನಿ. ಇನ್ನು ನೀವು ಯಾರ ಹಿಂದೆಯೂ ಅಲೆಯೋದು ಬೇಡ. ಎಮಿಲ್ ಇಲ್ಲೇ ಇದಾನೆ. ಒಪ್ಪಿಕೊಂಡು ಸಹಿ ಹಾಕಿದಾನೆ."

*

ಕ್ಯಾರಿಗನ್‌ನ ಕೋಣೆಯಲ್ಲಿ ಹೀಟರು ಜೋರಾಗಿತ್ತು. ಎಮಿಲ್ ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಿದ್ದ. ಕಿಟಕಿಯ ಬಳಿ ಸ್ಟ್ಯಾನ್ ವ್ರಾಬೆಲ್, ತನ್ನ ವರದಿಗೆ ಪ್ರಮಾಣ ಮಾಡಲು ಬಂದವನು, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ.

ಜಾಯ್ಸ್ ಹೇಳಿಕೆ ಓದಿದಳು. ದಪ್ಪ ಗ್ಯಾಸ್ಕೆಟ್ ಹಾಕಿದವನು ನಾನೇ, ಹೆಡ್ಡು ಹೆರೆದವನೂ ನಾನೇ, ವಯಸ್ಸಾಯಿತು, ಗಮನ ತಪ್ಪಿತು.

"ಬೆಳಿಗ್ಗೆ ಇದು ನಂದಲ್ಲ ಅಂದ್ರಿ."

"ಮುದುಕನ ನೆನಪು," ಎಂದ ಎಮಿಲ್.

"ಆಗಸ್ಟಲ್ಲಿ ನೀವು ಆಸ್ಪತ್ರೇಲಿದ್ರಿ. ಡ್ವೇನ್ ಎಲ್ಲಾ ಹೇಳಿದಾನೆ."

ಎಮಿಲ್ ತಲೆಯೆತ್ತಿದ. ಅಷ್ಟು ಹೆದರಿದ ಕಣ್ಣುಗಳನ್ನು ಜಾಯ್ಸ್ ಬಹಳ ದಿನದಿಂದ ನೋಡಿರಲಿಲ್ಲ.

"ಬಿಟ್ಬಿಡಮ್ಮ," ಎಂದ ಮೆಲ್ಲಗೆ. "ನನಗೆ ಇನ್ನೆಷ್ಟು ದಿನ. ಅವಳಿಗೆ ಬದುಕು ಬಾಕಿ ಇದೆ. ಗೊತ್ತಿಲ್ದೆ ಮಾಡಿದಾಳೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಏನೋ ಕಾಗದಕ್ಕೆ ಸಹಿ ಹಾಕಬೇಕೆಂದು ಅಪ್ಪ ಹೇಳಿದ ಸುಳ್ಳನ್ನು ನಂಬಿ ಅವನ ಜೊತೆ ಬಂದು, ಮಾರ್ತಾ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಕಾದು ಸಾಕಾಗಿ ಒಳಗೆ ಬಂದಳು.

"ಮಾರ್ತಾ," ಎಂದಳು ಜಾಯ್ಸ್, "ಆಗಸ್ಟಲ್ಲಿ ಗ್ಯಾರಿ ಕಾರಿನ ಹೆಡ್ಡು ಹೆರೆದದ್ದು ನೀನಾ?"

"ಅವಳನ್ನ ಕೇಳಬೇಡ," ಎಂದ ಎಮಿಲ್.

ಮಾರ್ತಾ ಬಾಗಿಲ ಚೌಕಟ್ಟಿಗೆ ಒರಗಿದಳು. "ನಾನೇ. ನಾನು ಹೆರೆದದ್ದಕ್ಕೇ ಒಡೀತೇನೋ ಅಂತ ಹೆದರಿ ಹೆದರಿ ಸತ್ತಿದೀನಿ. ಅಕ್ಟೋಬರಿಂದ ನಿದ್ದೆ ಮಾಡಿಲ್ಲ. ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ."

"ದಪ್ಪ ಗ್ಯಾಸ್ಕೆಟ್ ಹಾಕಿದ್ದೂ ನೀನೇನಾ?"

"ಯಾವ ದಪ್ಪ ಗ್ಯಾಸ್ಕೆಟ್?"

ಜಾಯ್ಸ್ ಚೀಲ ಮುಂದೆ ಚಾಚಿದಳು. ಮಾರ್ತಾ ಹಾಳೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಹೇಳಿಕೆ ಓದಿದಳು. ಓದಿ ಮುಗಿಸಿ ಅಪ್ಪನ ಕಡೆ ತಿರುಗಿದಳು.

"ಪಪ್ಪಾ. ನಾನು ಇದನ್ನ ಹಾಕ್ತೀನಿ ಅಂದ್ಕೊಂಡ್ಯಾ?"

ಎಮಿಲ್ ಕನ್ನಡಕ ತೆಗೆದ.

"ಆ ಸಂದಿನ ವಿಷಯ ನೀನು ನನಗೆ ಎಷ್ಟು ಸಲ ಹೇಳಿದ್ದೀಯ? ಊಟಕ್ಕೆ ಕೂತಾಗಲೂ ಅದೇ ಹೇಳ್ತಿದ್ದೆ. ನಾನು ತೆಳುವೇ ಹಾಕಿದ್ದು. ಅನುಪಾತ ಹತ್ತರ ಹತ್ರ ಹೋಯ್ತು, ಹೋಗ್ಲಿ ಅಂತ ಬಿಟ್ಟೆ. ಗ್ಯಾರಿ ಬಂದ ಮೇಲೆ ನಾನೇ ಅವನ ಮುಂದೆ ಎಲ್ಲಾ ಒಪ್ಪಿಕೊಂಡೆ. ಡ್ವೇನನ್ನ ಬೈಯಬೇಡ, ಇನ್ಮೇಲೆ ಒಳ್ಳೆ ಪೆಟ್ರೋಲೇ ಹಾಕಿಸು ಅಂದೆ." ಅವಳು ಹೇಳಿಕೆಯನ್ನು ಅಪ್ಪನ ಮುಂದೆ ತಳ್ಳಿದಳು. "ಒಂದು ಮಾತು ನನ್ನ ಕೇಳಬಹುದಿತ್ತಲ್ಲ ಪಪ್ಪಾ. ಒಂದೇ ಮಾತು."

"ನನ್ನ ಮಷೀನಿನ ಗೀರು ಕಂಡೆ ಕಣೇ," ಎಂದ ಎಮಿಲ್. "ಗೀರು ಕಂಡ ಮೇಲೆ ಬೇರೇನೂ ಕಾಣಲಿಲ್ಲ."

ಮುದುಕ ಅಳುತ್ತಿದ್ದ. ಮಾರ್ತಾ ಹತ್ತಿರ ಹೋಗಲಿಲ್ಲ.

"ಹಾಗಾದ್ರೆ ತೆಳು ತೆಗೆದು ದಪ್ಪ ಹಾಕಿದವರು ಯಾರು?" ಎಂದಳು ಜಾಯ್ಸ್.

"ಗ್ಯಾರಿ ನಕ್ಕುಬಿಟ್ಟ. ಹತ್ತು ಗಿತ್ತು ಎಲ್ಲಾ ನನಗೆ ಬೇಡ, ಮುಂಚಿನ ಪೆಟ್ರೋಲಲ್ಲೇ ಓಡಬೇಕು ಅಂದ. ನಿಮ್ಮಪ್ಪ ಬರೋ ತನಕ ಕಾಯಲ್ಲ, ಮತ್ತೆ ಒಂಬತ್ತೂವರೆಗೆ ಇಳಿಸಿಕೊಡ್ತೀನಿ ಅಂತ ಹೊಳೆಯಾಚೆ ಸ್ಟ್ಯಾನ್ ಹೇಳಿದಾನೆ ಅಂದ."

ಕಿಟಕಿಯ ಬಳಿ ಸ್ಟ್ಯಾನ್ ಟೋಪಿಯ ಅಂಚನ್ನು ನೇವರಿಸುತ್ತ ಕೂತಿದ್ದ. ಜಾಯ್ಸ್ ಅವನ ವರದಿಯನ್ನು ತೆಗೆದು ಪುಟ ತಿರುವಿದಳು. ಕುಳಿಯ ಅಳತೆ ಇತ್ತು, ಪಿಸ್ಟನ್ನಿನ ಅಳತೆ ಇತ್ತು, ಓಟದ ಅಳತೆ ಇತ್ತು. ಗ್ಯಾಸ್ಕೆಟ್ಟಿನ ದಪ್ಪ ಎಲ್ಲೂ ಇರಲಿಲ್ಲ.

"ಇದನ್ನ ಯಾಕೆ ಬರೀಲಿಲ್ಲ ಸ್ಟ್ಯಾನ್?"

"ಮರೆತಿರಬೇಕು," ಎಂದ ಸ್ಟ್ಯಾನ್.

"ಎಮಿಲ್, ಸಹಿ ವಾಪಸ್ ತಗೊಳ್ಳಿ. ಸುಳ್ಳು ಅಂತ ಹೇಳಿ."

"ಸುಳ್ಳು," ಎಂದ ಎಮಿಲ್. "ನಾನು ಬರೆದದ್ದು ಪೂರ್ತಿ ಸುಳ್ಳು."

ಕ್ಯಾರಿಗನ್ ಕೆಟ್ಟ ಮನುಷ್ಯನಲ್ಲ. ಕಣ್ಣುಜ್ಜಿಕೊಂಡು ನಿಟ್ಟುಸಿರಿಟ್ಟ. "ಬೆಳಿಗ್ಗೆ ನಂದಲ್ಲ ಅಂದ್ರಿ. ಮಧ್ಯಾಹ್ನ ನಂದೇ ಅಂತ ಬರೆದುಕೊಟ್ರಿ. ಮಗಳು ಒಳಗೆ ಬಂದ ತಕ್ಷಣ ಮತ್ತೆ ನಂದಲ್ಲ. ಹೆಡ್ಡಿನ ಮೇಲಿರೋದು ನಿಮ್ಮ ಮಷೀನಿನ ಗೀರು. ಆಸ್ಪತ್ರೆಯಿಂದ ಬಂದ ಮೇಲೆ ದಪ್ಪ ಗ್ಯಾಸ್ಕೆಟ್ ನೀವೇ ಹಾಕಿಲ್ಲ ಅಂತ ಯಾರು ಹೇಳ್ತಾರೆ? ಸ್ಟ್ಯಾನ್ ಹೆಸರು ಹೇಳಿದ ಗ್ಯಾರಿ ಬದುಕಿಲ್ಲ. ಈ ಸಹಿ ಇಲ್ದಿದ್ರೆ ಇವತ್ತು ಸ್ಟ್ಯಾನನ್ನ ಕೂರಿಸಿಕೊಂಡು ಕೇಳಬಹುದಿತ್ತು. ಈಗ ಏನಂತ ಕೇಳಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಮಿಲ್ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಿದ್ದ.

ಸ್ಟ್ಯಾನ್ ಎದ್ದ. ಟೋಪಿ ಹಾಕಿಕೊಂಡು, ಎಮಿಲ್‌ನ ಹೆಗಲ ಮೇಲೆ ಹಳೆಯ ಗೆಳೆಯನ ಹಾಗೆ ಕೈಯಿಟ್ಟ.

"ವಕೀಲರೇ, ನಾನೇನೂ ಹೇಳಲ್ಲ," ಎಂದ. "ಎಮಿಲ್ ಬರೆದಿದಾನೆ ಅಂದ್ರೆ ಅದೇ ನಿಜ. ಅವನು ಸುಳ್ಳು ಹೇಳೋ ಮನುಷ್ಯ ಅಲ್ಲ, ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."